ಕಿಟಕಿ ನೋಡಲು ಹೋದವರು

ಅವರ ಮಾತು ಪೂರ್ತಿ ಅರ್ಥವಾಗಲು ನನಗೆ ಒಂದು ಚಳಿಗಾಲವೇ ಬೇಕಾಯಿತು. ಭಾಷೆಯ ತೊಂದರೆಯಲ್ಲ. ನಾನು ಕುಂದಾಪುರ ಸೀಮೆಯ ಸಿದ್ದಾಪುರದ ಕಡೆಯಿಂದ ಬಾರ್ಕೂರಿನ ಹತ್ತಿರದ ಹೊಳೆಬದಿಯ ಹಳ್ಳಿಗೆ ಸೊಸೆಯಾಗಿ ಬಂದವಳು. ಅವರಾಡುವ ಕನ್ನಡವೇ ನನ್ನದೂ. ತೊಂದರೆ ಇದ್ದದ್ದು ಮೊಳೆಗಳದ್ದು. ಕೆಲಸ ಮಾಡುವಾಗ ಅವರು ತುಟಿಯ ನಡುವೆ ನಾಲ್ಕಾರು ಮೊಳೆ ಕಚ್ಚಿಕೊಂಡು, ಅವುಗಳ ಸಂದಿಯಿಂದಲೇ ಮಾತಾಡುತ್ತಿದ್ದರು. "ಬೇರೆ ಹೆಂಗ್ಸ್ರ್ ಬಾಯಂಗೆ ಎಲಿ ಅಡ್ಕಿ, ಇವ್ಳ್ ಬಾಯಂಗೆ ಕಬ್ಬಿಣ" ಎಂದು ನನ್ನ ಅತ್ತೆ ಹೇಳುತ್ತಿದ್ದರು. ಹೇಳುವಾಗ ದನಿಯಲ್ಲಿ ಅರ್ಧ ಬೈಗುಳ, ಅರ್ಧ ಮೆಚ್ಚಿಗೆ.

ಅವರ ಹೆಸರನ್ನು ಬರೆಯುವುದಿಲ್ಲ. ಅವರ ಕುಟುಂಬದವರು ಈಗಲೂ ಅಲ್ಲಿದ್ದಾರೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಇಲ್ಲಿಯೂ ಅಕ್ಕ ಎಂದೇ ಇರಲಿ.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದ ಕಾಲ. ನಾನು ಮದುವೆಯಾಗಿ ಬರುವ ಸ್ವಲ್ಪ ಮೊದಲು ಅಕ್ಕ ಗಂಡನ ಮನೆಯಿಂದ ವಾಪಸು ಬಂದಿದ್ದರು. ಗಂಡನ ಮನೆ ಕಿರಿಮಂಜೇಶ್ವರದ ಕಡೆ. ಕಾರ್ತಿಕ ಮಾಸದ ಒಂದು ಸಂಜೆ ತಗಡಿನ ಟ್ರಂಕನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಗದ್ದೆಯಂಚಿನಲ್ಲಿ ನಡೆದು ಬಂದರಂತೆ. ಅವರಿಗೆ ಮಕ್ಕಳಿರಲಿಲ್ಲ. ಅವರದು ಅಳಿಯಸಂತಾನದ ಕುಟುಂಬ, ಹೆಣ್ಣುಮಕ್ಕಳಿಗೆ ತವರಿನಲ್ಲಿ ಪಾಲು. ಕುಟುಂಬ ಪಾಲಾದಾಗ ದೊಡ್ಡ ಮನೆಯಲ್ಲಿ ಅವರ ಅಣ್ಣ ಉಳಿದು, ಅಕ್ಕನ ಪಾಲಿಗೆ ಒಂದು ತುಂಡು ಗದ್ದೆಯೂ ಪಡುಬದಿಯ ಹಳೆಯ ದನದ ಹಟ್ಟಿಯೂ ಬಂದಿದ್ದವು. ಗಂಡನ ಮನೆಯಲ್ಲಿರುವವಳಿಗೆ ಹಟ್ಟಿಯಾದರೇನು ಉಪ್ಪರಿಗೆಯಾದರೇನು ಎಂದು ಆಗ ಯಾರೂ ಯೋಚಿಸಿರಲಿಲ್ಲ.

ಅಣ್ಣ ಕೆಟ್ಟವರಲ್ಲ. "ದೊಡ್ಡಮನಿಯಂಗೆ ಇರ್, ಒಂದ್ ಕ್ವಾಣಿ ಬಿಟ್ಟ್ ಕೊಡ್ತೆ" ಎಂದರು.

"ನಿಮ್ ಕ್ವಾಣಿ ಬ್ಯಾಡ ಅಣ್ಣ. ನನ್ ಪಾಲಿಂದ್ ಇತ್ತಲೆ" ಎಂದು ಅಕ್ಕ ಟ್ರಂಕನ್ನು ಹಟ್ಟಿಯೊಳಗೆ ಇಳಿಸಿದರು.

ತಂಗಿಯನ್ನು ದನದ ಹಟ್ಟಿಯಲ್ಲಿಟ್ಟವನು ಎಂದು ಊರು ಆಡಿಕೊಳ್ಳುವುದೆಂದು ಅಣ್ಣನಿಗೆ ಸಿಟ್ಟು. ಅಂದಿನಿಂದ ಅವರು ತಂಗಿಯ ಅಂಗಳಕ್ಕೆ ಕಾಲಿಡಲಿಲ್ಲ. ಊರಿನವರು ಮಾತ್ರ ಒಂದು ಮಳೆ ಬೀಳಲಿ, ತಾನಾಗಿ ಗಂಡನ ಮನೆಗೆ ಓಡುತ್ತಾಳೆ ಎಂದು ಕಾದರು.

ಮಳೆ ಬಂತು. ಆ ಚಳಿಗಾಲದಲ್ಲಿ ಅಕ್ಕ ತಾವೇ ಮಣ್ಣು ತುಳಿದು ಕಟ್ಟಿದ್ದ ಪಡುವಣ ಗೋಡೆ ಆಷಾಢದ ಗಾಳಿಮಳೆಗೆ ಕುಸಿದು ಬಿತ್ತು. ಅದು ನಾನು ಬಂದ ವರ್ಷ. ಶಬ್ದ ಕೇಳಿ ನಾನೂ ಅತ್ತೆಯೂ ಓಡಿದೆವು. ಅಕ್ಕ ಮಳೆಗೆ ಹೊದೆಯುವ ಎಲೆಯ ಗೊರಬು ಸೂಡಿಕೊಂಡು ಮಳೆಯಲ್ಲೇ ನಿಂತು ಬಿದ್ದ ಗೋಡೆಯನ್ನು ನೋಡುತ್ತಿದ್ದರು. ಅಳುತ್ತಾರೇನೋ ಎಂದುಕೊಂಡೆ. ಅವರು ಬಗ್ಗಿ ಒಂದು ಹೆಂಟೆ ಎತ್ತಿ ಮುರಿದು, "ಕಾಣ್ ಹೆಣೆ, ಒಳ್ಗೆ ಇನ್ನೂ ಹಸಿ ಇತ್ತ್. ಹೊರ್ಗೆ ಒಣ್ಗಿದ್ದ್ ಕಂಡ್ ಮೋಸ ಹೋದೆ" ಎಂದರು. ಹುಡುಗಿಯರನ್ನು ಕರೆಯುವ ಹಾಗೆ ಹೆಣೆ ಎಂದು ಕರೆದು ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಉಳಿದ ಮಳೆಗಾಲ ಆ ಕಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಕೊಂಡು ಕಳೆದರು. ಗಂಡನ ಮನೆಗೂ ಹೋಗಲಿಲ್ಲ, ದೊಡ್ಡ ಮನೆಗೂ ಹೋಗಲಿಲ್ಲ.

ಅಲ್ಲಿಂದ ಮುಂದೆ ನನ್ನ ಕಣ್ಣು ಯಾವಾಗಲೂ ಆ ಕಡೆಗೇ. ಚಳಿಗಾಲವೆಂದರೆ ನಮ್ಮಲ್ಲಿ ಹೆಚ್ಚು ಸದ್ದಿಲ್ಲದ ಕಾಲ. ಕೊಯ್ಲು ಮುಗಿದು ಭತ್ತ ಒಳಗೆ ಸೇರಿರುತ್ತದೆ, ಗದ್ದೆಯಲ್ಲಿ ಉದ್ದು ಆಗತಾನೆ ಎಲೆ ಬಿಡುತ್ತಿರುತ್ತದೆ. ಬೆಳಿಗ್ಗೆ ಹೊಳೆಯ ಮೇಲಿನಿಂದ ಮಂಜು ಎದ್ದು ತೆಂಗಿನ ಮರಗಳ ಅರ್ಧವನ್ನು ನುಂಗಿರುತ್ತದೆ. ಬಚ್ಚಲ ಒಲೆಯ ಮುಂದೆ ಕೂತು ಮೈ ಕಾಯಿಸುತ್ತಾ ಇದ್ದರೆ ಆ ಮಂಜಿನೊಳಗಿಂದ ಟಕ್ ಟಕ್ ಎಂದು ಕೇಳಿಸುತ್ತಿತ್ತು. ಅತ್ತೆ, "ಸುರು ಆಯ್ತ್ ಇವ್ಳ್ದ್" ಎನ್ನುತ್ತಿದ್ದರು. ಇವತ್ತು ಏನನ್ನು ಬಡಿಯುತ್ತಿದ್ದಾರೆ, ಮಾಡಿನ ರೀಪುಪಟ್ಟಿಯೋ ಬಾಗಿಲೋ ಎಂದು ನಾನು ಸದ್ದಿನಲ್ಲೇ ಊಹಿಸುತ್ತಿದ್ದೆ. ಆಮೇಲೆ ಏನಾದರೊಂದು ನೆಪ ಮಾಡಿ ಹೋಗಿ ನೋಡುತ್ತಿದ್ದೆ. ಹೆಚ್ಚಾಗಿ ನನ್ನ ಊಹೆ ತಪ್ಪಾಗಿರುತ್ತಿತ್ತು.

ಅಕ್ಕನಿಗೆ ಕೆಲಸ ಹುಟ್ಟಿನಿಂದ ಬಂದದ್ದಲ್ಲ. ಗೊತ್ತಿಲ್ಲದ್ದನ್ನು ಕೇಳಲು ಅವರಿಗೆ ನಾಚಿಕೆ ಇರಲಿಲ್ಲ, ಅಷ್ಟೇ. ಯಾರ ಮನೆಯಲ್ಲಿ ಗೋಡೆ ಏಳುತ್ತಿದ್ದರೂ ಅಲ್ಲಿ ಹೋಗಿ ನಿಲ್ಲುವರು. ಸುಣ್ಣಕ್ಕೆ ಚಿಪ್ಪು ಸುಡುವವರನ್ನು, ಮರ ಕೊಯ್ಯುವವರನ್ನು, ದೋಣಿಯ ಸಂದಿಗೆ ಎಣ್ಣೆ ಹಿಡಿಸುವ ಮೀನುಗಾರರನ್ನು ಕೂಡ ಬಿಡಲಿಲ್ಲ. "ಎಂತಕೆ ಹಾಂಗೆ? ಹೀಂಗ್ ಮಾಡ್ರೆ ಆತಿಲ್ಯಾ?" ಎಂದು ಕೇಳುವರು. ಬಾರ್ಕೂರಿನ ಒಬ್ಬ ಮುದುಕ, ಗೋಡೆ ಕಟ್ಟುವವನು, ಇವರನ್ನು ಕಂಡರೆ ಹಾರೆ ಬಿಟ್ಟು ಕೂತೇಬಿಡುತ್ತಿದ್ದನಂತೆ. "ಈ ಅಮ್ಮ ಬಂದ್ರೆ ಕೆಲ್ಸ ಆಪ್ದಲ್ಲ" ಎಂದು. ಆದರೆ ಒಂದು ವರಸೆ ಮಣ್ಣು ಹಾಕಿ, ಅದು ಪೂರ್ತಿ ಒಣಗುವ ತನಕ ಮೇಲಿನ ವರಸೆ ಮುಟ್ಟಬಾರದೆಂದು ಹೇಳಿಕೊಟ್ಟವನೂ ಅವನೇ. ಮುಂದಿನ ಚಳಿಗಾಲದಲ್ಲಿ ಅಕ್ಕ ಪಡುವಣ ಗೋಡೆಯನ್ನು ಅದೇ ಜಾಗದಲ್ಲಿ ಮತ್ತೆ ಎಬ್ಬಿಸಿದರು. ಅದು ನಿಂತಿತು.

ಹೀಗೆ ಪ್ರತಿ ಚಳಿಗಾಲಕ್ಕೆ ಒಂದೊಂದಾಗಿ ಹಟ್ಟಿ ಮನೆಯಾಗುತ್ತಾ ಹೋಯಿತು. ಮುಳಿಹುಲ್ಲಿನ ಮಾಡು ತೆಗೆದು ಹಂಚು ಬಂತು. ನೆಲಕ್ಕೆ ತೆಂಗಿನ ಗೆರಟೆ ಸುಟ್ಟ ಕರಿ ಕಲಸಿ ಸಾರಿಸಿ, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದರು. ನನಗೆ ಸೋಜಿಗವೆನಿಸಿದ್ದು ಒಂದು. ಎದುರು ಬಾಗಿಲಿಗೆ ಇನ್ನೂ ಗೋಣಿತಾಟು ನೇತಾಡುತ್ತಿತ್ತು; ಅಷ್ಟರಲ್ಲೇ ಅಡುಗೆ ಮಾಡುವ ಮೂಲೆಗೆ ಕಿಟಕಿ ಬಂದಿತ್ತು. ಹಲಸಿನ ಮರದ ಚೌಕಟ್ಟು, ಮರದ ಸರಳು, ಎರಡು ಪುಟ್ಟ ಬಾಗಿಲು. "ಬಾಗ್ಲಿಗಿಂತ ಮುಂಚೆ ಕಿಟಕಿಯಾ ಅಕ್ಕ?" ಎಂದು ಕೇಳಿದೆ. ಅವರು ಮೊಳೆಗಳ ಸಂದಿಯಿಂದ, "ಈ ಹಗ್ಗ ಹಿಡಿ" ಎಂದರು.

ಬೇಡದ ಪ್ರಶ್ನೆ ಬಂದಾಗಲೆಲ್ಲ ಕೈಗೆ ಒಂದು ಕೆಲಸ ಕೊಡುವುದು ಅವರ ಕ್ರಮ. ನಾನು ಕೇಳುತ್ತಿದ್ದ ಬೇಡದ ಪ್ರಶ್ನೆ ಯಾವಾಗಲೂ ಒಂದೇ, ಬೇರೆ ಬೇರೆ ವೇಷದಲ್ಲಿ: ಗಂಡನನ್ನು ಬಿಟ್ಟು ಬಂದದ್ದು ಯಾಕೆ? ಊರಿನಲ್ಲಿ ಅದಕ್ಕೆ ಬೇಕಾದಷ್ಟು ಉತ್ತರಗಳಿದ್ದವು. ಗಂಡನಿಗೆ ಇನ್ನೊಬ್ಬಳಿದ್ದಾಳೆ ಎಂದರು, ಹೊಡೆಯುತ್ತಾನೆ ಎಂದರು, ಮಕ್ಕಳಾಗದ್ದಕ್ಕೆ ಅತ್ತೆ ಓಡಿಸಿದಳು ಎಂದರು. ನಾನು ಕೇಳಿದಷ್ಟು ಸಲವೂ ಹಗ್ಗ ಹಿಡಿದೆ, ಮಣ್ಣು ಕೊಟ್ಟೆ, ಹಂಚು ಹೊತ್ತೆ. ಹಾಗಾಗಿಯೇ ನನಗೂ ಸ್ವಲ್ಪ ಕೆಲಸ ಬಂತೆನ್ನಬೇಕು.

ಒಂದು ಚಳಿಗಾಲದ ಮಧ್ಯಾಹ್ನ ನಾನು ಅಂಗಳದಲ್ಲಿ ಕೊಬ್ಬರಿ ಒಣಹಾಕಿ ಕಾಗೆ ಕಾಯುತ್ತಿದ್ದೆ. ಗದ್ದೆಯಂಚಿನಲ್ಲಿ ಒಬ್ಬರು ಬರುತ್ತಿದ್ದರು. ಬಿಳಿ ಪಂಚೆ, ಕೋಟು, ನರೆತ ಕೂದಲು, ಕೈಯಲ್ಲಿ ಬಟ್ಟೆಚೀಲ. ನೇರವಾಗಿ ಅಕ್ಕನ ಅಂಗಳಕ್ಕೆ ಹೋಗಿ ನಿಂತರು. ಅಕ್ಕ ಮಾಡಿನ ಮೇಲಿದ್ದರು, ಸೀರೆಯನ್ನು ಕಚ್ಚೆ ಕಟ್ಟಿಕೊಂಡು ಒಡೆದ ಹಂಚು ಬದಲಿಸುತ್ತಿದ್ದರು.

"ಹ್ವಾಯ್, ಚೂರ್ ಇಳಿ ಕಾಂಬ" ಎಂದರು ಬಂದವರು.

ಅಕ್ಕ ಕೆಳಗೆ ನೋಡಿದರು. ಸೀರೆ ಸರಿಮಾಡಿಕೊಳ್ಳಲಿಲ್ಲ, ಗಾಬರಿಯೂ ಆಗಲಿಲ್ಲ. "ಈ ಸಾಲ್ ಮುಗ್ಸಿ ಇಳಿತೆ. ಏಣಿ ಜಾರತ್ತ್, ಚೂರ್ ಹಿಡ್ಕಣಿ" ಎಂದರು. ಬಂದವರು ಚೀಲವನ್ನು ಜಗಲಿಯ ಮೇಲಿಟ್ಟು ಏಣಿ ಹಿಡಿದು ನಿಂತರು. ಆಗ ನನಗೆ ತಿಳಿಯಿತು, ಇವರೇ ಗಂಡ ಎಂದು.

ಇಳಿದ ಮೇಲೆ ಅಕ್ಕ ಕೂಗಿ ನನ್ನಿಂದ ಮಜ್ಜಿಗೆ ತರಿಸಿದರು. ಲೋಟ ಕೊಟ್ಟ ಮೇಲೂ ನಾನು ಅಲ್ಲೇ ತೆಂಗಿನ ಬುಡದಲ್ಲಿ ನಿಂತೆ. ಹೋಗೆಂದು ಯಾರೂ ಹೇಳಲಿಲ್ಲ. ಗಂಡ ಎರಡು ಗುಟುಕು ಮಜ್ಜಿಗೆ ಕುಡಿದು, "ಅಲ್ಲಿ ಮನಿ ಹಾಳಾಯ್ತ್" ಎಂದರು.

"ಎಂತ ಆಯ್ತ್?"

"ಅಡುಗಿ ಕ್ವಾಣಿ ಸೋರತ್ತ್."

"ಯಾವ್ ಮೂಲಿ?"

"ಒಲಿ ಮೇಲಿನ್ ಮೂಲಿ."

"ಹಂಚ್ ಒಡ್ದದ್ದಾ, ರೀಪ್ ಹೋದದ್ದಾ?"

"ಅದೆಲ್ಲ ನಂಗೆಂತ ಗೊತ್ತ್?"

"ಹತ್ತಿ ಕಾಣ್ಕ್. ಹಂಚ್ ಒಡ್ದಿರೆ ನೀರ್ ಒಂದೇ ಬದಿಗೆ ಬೀಳತ್ತ್. ರೀಪ್ ಹೋಯಿದ್ರೆ ಗ್ವಾಡಿ ಹಿಡ್ಕಂಡ್ ಇಳಿತ್ತ್. ಬಿಟ್ರೆ ಗ್ವಾಡಿಯೂ ಹೋತ್ತ್."

ಅವರು ಲೋಟ ಕೆಳಗಿಟ್ಟರು. "ನಾನ್ ಇಷ್ಟ್ ದೂರ ಬಂದದ್ದ್ ಮಾಡ್ ಸೋರೂದ್ ಹೇಳೂಕಲ್ಲ."

"ಅಲ್ಲ ಅಂದೇಳಿ ನಂಗೂ ಗೊತ್ತಿತ್ತ್," ಎಂದರು ಅಕ್ಕ. "ಆರೆ ನೀವ್ ಹೇಳಿದ್ದ್ ಅದೇ ಅಲ್ದಾ."

ಅಕ್ಕ ಅನ್ನ, ಒಣಮೀನಿನ ಚಟ್ನಿ ಬಡಿಸಿದರು. ಗಂಡ ಉಂಡರು. ಸಂಜೆಯ ಬಸ್ಸಿಗೆ ಹೊರಟುಹೋದರು. ಗದ್ದೆ ದಾಟುವ ತನಕ ಅಕ್ಕ ಜಗಲಿಯಲ್ಲೇ ನಿಂತಿದ್ದರು.

ಮರುದಿನ ನಾನು ಯಾವ ನೆಪವೂ ಇಲ್ಲದೆ ಹೋಗಿ, ನೆಟ್ಟಗೆ ಕೇಳಿದೆ. "ಅಷ್ಟ್ ಪಾಪದವ್ರ್ ಅಕ್ಕ. ನೀವ್ ಎಂತಕೆ ಬಿಟ್ಟ್ ಬಂದದ್ದ್?"

ಅಕ್ಕ ಬಾಯಿಯಿಂದ ಮೊಳೆಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ನನಗೆ ಹಗ್ಗ ಕೊಡಲಿಲ್ಲ.

"ಅಲ್ಲಿ ಅಡುಗಿ ಕ್ವಾಣಿಗೆ ಕಿಟಕಿ ಇಲ್ಲೆ ಹೆಣೆ. ಹಗ್ಲ್ ಹೊತ್ತಂಗೂ ದೀಪ ಹಚ್ಕಂಡ್ ಅಕ್ಕಿ ಆರ್ಸ್ಕ್. ಹೊಗಿ ಹೋಪುಕೆ ದಾರಿ ಇಲ್ಲೆ. ಕಣ್ಣ್ ಉರ್ದ್ ಉರ್ದ್ ಕೆಂಪಾತಿತ್ತ್. ಒಂದ್ ಕಿಟಕಿ ಮಾಡ್ಸಿ ಅಂದೆ. ಮುಂದಿನ್ ಚಳಿಗಾಲ ಅಂದ್ರ್. ಎಲ್ಲ ವರ್ಷವೂ ಮುಂದಿನ್ ಚಳಿಗಾಲವೇ."

ಒಂದು ದಿನ ಗಂಡ ಕುಂದಾಪುರಕ್ಕೆ ಹೋಗಿದ್ದಾಗ ಅಕ್ಕನೇ ಹಾರೆ ತಗೊಂಡರಂತೆ. ಒಲೆಯ ಪಕ್ಕದ ಮೂಡಣ ಗೋಡೆಯನ್ನು ಕುಟ್ಟಿ ಒಂದು ಕಿಂಡಿ ಮಾಡಿದರು. ಹೊಗೆ ಹೊರಗೆ ಹೋಯಿತು, ಬೆಳಕು ಒಳಗೆ ಬಂತು. ಅಷ್ಟು ವರ್ಷ ತಾವು ಅಡುಗೆ ಮಾಡಿದ ಕೋಣೆ ಹೇಗಿದೆಯೆಂದು ಅವರು ಕಂಡದ್ದೇ ಅವತ್ತು. ಸಂಜೆ ಗಂಡ ಬಂದರು. ಕಿಂಡಿ ನೋಡಿದರು, ಕೈಕಾಲು ತೊಳೆದು ಉಂಡು ಮಲಗಿದರು. ಮರುದಿನ ಬೆಳಿಗ್ಗೆ ಆಳು ಕರೆಸಿ ಅದನ್ನು ಕಲ್ಲುಮಣ್ಣು ಹಾಕಿ ಮುಚ್ಚಿಸಿದರು.

"ಬೈಲಿಲ್ಲ," ಎಂದರು ಅಕ್ಕ. "ಬೈದಿದ್ರೆ ನಾನೂ ಬೈತಿದ್ದೆ, ಅಲ್ಲಿಗ್ ಮುಗಿತಿತ್ತ್. ಎಂತಕ್ ಒಡ್ದೆ ಅಂದೇಳಿ ಒಂದ್ ಮಾತ್ ಕೇಣ್ಲಿಲ್ಲ. ನಾನ್ ಅಲ್ಲಿ ಇದ್ದೆ ಅಂಬ್ದೇ ಅವ್ರಿಗ್ ಗೊತ್ತಿಲ್ಲೆ ಅಂದೇಳಿ ಕಂಡಿತ್ತ್ ನಂಗೆ."

ಮನೆಗೆ ಬಂದು ಅತ್ತೆಗೆ ಹೇಳಿದೆ. "ಕಿಟಕಿಗಾಯ್ಲಾ? ಸುಳ್ಳ್!" ಎಂದರು. ಸ್ವಲ್ಪ ಹೊತ್ತಿನ ಮೇಲೆ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಾ, "ಆಯ್ಕ್" ಎಂದರು, ಇದ್ದರೂ ಇದ್ದೀತು ಎನ್ನುವ ಹಾಗೆ. ಆಮೇಲೆ ಅವರು ಅಕ್ಕನ ಮೊಳೆಯ ಬಗ್ಗೆ ತಮಾಷೆ ಮಾಡಿದ್ದನ್ನು ನಾನು ಕೇಳಲಿಲ್ಲ.

ಮುಂದಿನ ಚಳಿಗಾಲ ಅಕ್ಕನ ಗಂಡ ಮತ್ತೆ ಬಂದರು. ಈ ಸಲ ಕೂರುವ ಮೊದಲೇ ಮಾತು ಬಂತು. ಅವರ ತಾಯಿ ತೀರಿಕೊಂಡಿದ್ದರು. ಮಳೆಗಾಲವಿಡೀ ತಾವೇ ಒಲೆಯ ಮುಂದೆ ಕೂತು ಬೇಯಿಸಿಕೊಂಡಿದ್ದರು.

"ಎರ್ಡ್ ದಿನಕ್ಕೇ ಕಣ್ಣ್ ಬಿಡುಕ್ ಆಯ್ಲಿಲ್ಲ ಮಾರಾಯ್ತಿ," ಎಂದರು. "ನೀನ್ ಅದನ್ನ್ ಎಂತಕ್ ಒಡ್ದದ್ದ್ ಅಂದೇಳಿ ಆಗ ಗೊತ್ತಾಯ್ತ್. ಈಗ ಕಿಟಕಿ ಮಾಡ್ಸಿದೆ."

"ಎಷ್ಟ್ ದೊಡ್ಡದ್?" ಎಂದರು ಅಕ್ಕ.

ಅವರು ಕೈಯಗಲಿಸಿ ತೋರಿಸಿದರು. ಕೈ ಸ್ವಲ್ಪ ಹೆಚ್ಚೇ ಅಗಲವಾಯಿತೆಂದು ಕಂಡು ಸ್ವಲ್ಪ ಕಿರಿದು ಮಾಡಿದರು. "ಬಂದ್ ಕಾಣ್" ಎಂದರು.

ಅಕ್ಕ ಹೊರಟೇಬಿಟ್ಟರು. ಬೀಗದ ಕೈ ನನಗೆ ಕೊಟ್ಟು, "ಕಿಟಕಿ ಕಂಡ್ಕಂಡ್ ಬತ್ತೆ" ಎಂದರು. ಗದ್ದೆಯಂಚಿನಲ್ಲಿ ಅವರು ಮುಂದೆ, ಗಂಡ ಹಿಂದೆ. ಊರೆಲ್ಲ ಹೊರಗೆ ಬಂದು ನೋಡಿತು. ಅಂತೂ ಹೆಂಗಸು ದಾರಿಗೆ ಬಂತು ಎಂದರು. ಹೆಚ್ಚು ದಿನ ಕಳೆಯುವ ಮೊದಲೇ ಅಣ್ಣನ ಆಳು ಬೈಹುಲ್ಲಿನ ಹೊರೆ ಹೊತ್ತುಕೊಂಡು ಬಂದ. "ಹಟ್ಟಿ ಬೀಗ ಕೊಡಿ, ಹುಲ್ಲ್ ತುಂಬ್ಸುಕೆ ಹೇಳಿರ್" ಎಂದ.

"ಅಕ್ಕ ಬತ್ತ್ರ್. ಅಲ್ಲಿ ತನ್ಕ ಕೊಡುಕಾತಿಲ್ಲೆ" ಎಂದೆ. ಅವನು ಹೋಗಿ ಅಣ್ಣನನ್ನೇ ಕರೆತಂದ. ಅವರು ನಮ್ಮ ಅಂಗಳದಲ್ಲಿ ನಿಂತು, "ಗಂಡನ್ ಮನಿಗ್ ಹೋದವ್ಳ್ ಬತ್ಳಾ? ನಿಂಗ್ ಬುದ್ಧಿ ಇತ್ತಾ?" ಎಂದು ಗದರಿದರು. ನಾನು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಒಳಗಿನಿಂದ ಅತ್ತೆ ಬಂದು, "ಬತ್ತೆ ಅಂದ್ ಹೋಯಿಳ್ ಅಲ್ದಾ? ಬರ್ದಿದ್ರೆ ಆಗ ಕಾಂಬ" ಎಂದರು. ಅಣ್ಣ ಹೊರೆಯೊಂದಿಗೆ ತಿರುಗಿ ಹೋದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅನುಮಾನವಿತ್ತು. ಒಂದೊಂದು ಬಸ್ಸಿನ ಸದ್ದಿಗೂ ಅಂಗಳಕ್ಕೆ ಬಂದು ನಿಲ್ಲುತ್ತಿದ್ದೆ.

ಅಕ್ಕ ಬಂದದ್ದು ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರದ ಹೊತ್ತಿಗೆ. ನಾನು ಬೀಗದ ಕೈ ಹಿಡಿದು ಓಡಿದೆ. "ಹ್ಯಾಂಗಿತ್ತ್ ಕಿಟಕಿ?"

"ಒಳ್ಳೇದಿತ್ತ್. ಚೂರ್ ಮೇಲಾಯ್ತ್. ಕೂಕಂಡ್ರೆ ಹೊರ್ಗೆ ಕಾಣತಿಲ್ಲೆ."

"ಅಲ್ಲೇ ಇರುಕೆ ಹೇಳ್ಲಿಲ್ಯಾ ಅವ್ರ್?"

"ಹೇಳಿರ್. ನಾನ್ ಕಾಂಬುಕೆ ಹೋದದ್ದ್, ಇಪ್ಪುಕಲ್ಲ. ನಿಮ್ಗ್ ಬೇಕಾರೆ ನನ್ ಮನಿಗ್ ಬನ್ನಿ ಅಂದೆ." ಬಾಗಿಲು ತೆಗೆದು ಒಳಗೆ ಹೋಗಿ, ಮೊದಲು ತಮ್ಮ ಕಿಟಕಿಯನ್ನು ತೆರೆದರು.

ಗಂಡ ಬಂದರು. ಆಮೇಲೆ ಪ್ರತಿ ವರ್ಷ, ತಮ್ಮ ಕೊಯ್ಲು ಮುಗಿಸಿ, ಚಳಿಗಾಲಕ್ಕೆ ಬರುತ್ತಿದ್ದರು. ಊರಿಗೆ ಇದಕ್ಕೆ ಏನು ಹೆಸರಿಡಬೇಕೆಂದು ತಿಳಿಯಲಿಲ್ಲ. ಬಿಟ್ಟವಳು ಎನ್ನುವಂತಿಲ್ಲ, ಕೂಡಿ ಬಾಳುವವಳು ಎನ್ನುವಂತಿಲ್ಲ. ಬಂದ ಗಂಡ ಜಗಲಿಯಲ್ಲಿ ಕಾಲು ಚಾಚಿ ಕೂರಲಿಲ್ಲ. ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, ತಲೆಗೆ ಮುಂಡಾಸು ಸುತ್ತಿ ಮಣ್ಣು ಹೊತ್ತರು. ಕೈಕೆಲಸ ಅವರಿಗೆ ಒಗ್ಗುತ್ತಿರಲಿಲ್ಲ. ಬಾಲ್ದಿಯ ನೀರು ಅರ್ಧ ದಾರಿಯಲ್ಲೇ ಚೆಲ್ಲುವುದು, ಮೊಳೆ ಸೊಟ್ಟಗಾಗುವುದು. "ಹ್ವಾಯ್, ನೀವ್ ಕೂಕಣಿ ಕಾಂಬ" ಎಂದು ಅಕ್ಕ ಹೇಳಿದರೆ, "ಹೇಳಿ ಕೊಡ್, ಮಾಡ್ತೆ" ಎನ್ನುತ್ತಿದ್ದರು. ಸಂಜೆ ಇಬ್ಬರೂ ಬಚ್ಚಲ ಒಲೆಯ ಕೆಂಡದಲ್ಲಿ ಗೆಣಸು ಸುಟ್ಟುಕೊಂಡು ತಿನ್ನುವರು. ನಾನು ಹೋದರೆ ನನಗೂ ಒಂದು. ಅವರ ಮಾತೆಲ್ಲ ಕೆಲಸದ ಮಾತೇ. ಮರ ತಿನ್ನುವ ಒರಲೆಗೆ ಯಾವ ಎಣ್ಣೆ, ಮಾಡು ಹೊರುವ ಆ ಪಕಾಸು ಇನ್ನೊಂದು ಮಳೆ ತಡೆಯುತ್ತದೋ ಇಲ್ಲವೋ. ಆದರೂ ಕೇಳುತ್ತಾ ಕೂತರೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

ಕೊನೆಕೊನೆಗೆ ಗಂಡನಿಗೆ ಉಬ್ಬಸ ಜಾಸ್ತಿಯಾಯಿತು. ಒಂದು ಚಳಿಗಾಲ ಬಂದವರು ವಾಪಸು ಹೋಗಲಿಲ್ಲ. ಆ ವರ್ಷ ಒಂದು ಬೆಳಿಗ್ಗೆ ನಾನು ಹಾಲು ಕೊಡಲು ಹೋಗಿದ್ದೆ. ಒಲೆಯ ಹತ್ತಿರ ಕಂಬಳಿ ಹೊದ್ದು ಕೂತಿದ್ದ ಅವರು, "ಥಂಡಿ ಹೊಡಿತ್ತ್. ಆ ಕಿಟಕಿ ಚೂರ್ ಮುಚ್ತ್ಯಾ?" ಎಂದರು. ಎಂದವರೇ ತಮ್ಮ ಮಾತು ತಮಗೇ ಕೇಳಿಸಿ ಬಾಯಿ ಮುಚ್ಚಿಕೊಂಡರು. ಅಕ್ಕ ಅವರ ಮುಖ ನೋಡಿ ನಗಲು ಶುರುಮಾಡಿದರು. ನಿಲ್ಲಿಸಲಾಗದೆ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರೂ ಕೆಮ್ಮುತ್ತಾ ನಕ್ಕರು. ಆಮೇಲೆ ಅಕ್ಕ ಎದ್ದು ಕಿಟಕಿಯ ಒಂದು ಬಾಗಿಲು ಮುಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟರು.

ಅವರು ತೀರಿಕೊಂಡದ್ದು ಆ ಬೇಸಗೆಯಲ್ಲಿ, ಅಕ್ಕನ ಮನೆಯಲ್ಲೇ. ಕಿರಿಮಂಜೇಶ್ವರದಿಂದ ಅವರ ತಂಗಿಯ ಮಕ್ಕಳು ಬಂದು, ಮಾವನ ಕಾರ್ಯ ತಮ್ಮ ಮನೆಯಲ್ಲೇ ಆಗಬೇಕೆಂದರು. ಅಕ್ಕ ಬೇಡವೆನ್ನಲಿಲ್ಲ. ಹೆಣದ ಜೊತೆ ತಾವೂ ಗಾಡಿಯಲ್ಲಿ ಕೂತು ಹೋದರು. ದೊಡ್ಡ ಮನೆಯ ಅಣ್ಣ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದು ಅದೇ ಗಾಡಿ ಹತ್ತಿದರು. ಕಾರ್ಯಗಳೆಲ್ಲ ಮುಗಿದ ಮೇಲೆ ಅಣ್ಣತಂಗಿ ಒಟ್ಟಿಗೆ ವಾಪಸು ಬಂದರು.

ಮಳೆಗಾಲ ಕಳೆದು ಚಳಿ ಬಿತ್ತು. ಆ ವರ್ಷ ಅಕ್ಕ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಬೆಳಿಗ್ಗೆ ಮಂಜಿನೊಳಗಿಂದ ಸದ್ದೇ ಇಲ್ಲ. ನಾನು ತಡೆಯಲಾರದೆ ಹೋದೆ. ಅವರು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಅವರ ಎದುರಿಗೆ ಗೋಡೆಗೆ ಮೆತ್ತಿದ ಮಣ್ಣು ಒಂದು ಕಡೆ ಉಬ್ಬಿ, ಪಕ್ಕದಲ್ಲಿ ಹಳ್ಳ ಬಿದ್ದು, ಬೆರಳಿನ ಗುರುತು ಕಾಣುತ್ತಿತ್ತು. ಅಷ್ಟು ವರ್ಷ ಆ ಮನೆಗೆ ಹೋಗಿಬಂದರೂ ನಾನು ಅದನ್ನು ನೋಡಿರಲಿಲ್ಲ. ಅಲ್ಲಿ ಯಾವಾಗಲೂ ಭತ್ತದ ಕಣಜ ಇರುತ್ತಿತ್ತು.

"ಇದನ್ನ್ ಹೀಂಗೇ ಬಿಟ್ಟಿರ್ಯಲೆ ಅಕ್ಕ?" ಎಂದೆ.

"ಅವ್ರ್ ಮೆತ್ತಿದ್ದ್, ಮೊದ್ಲನೇ ವರ್ಷ" ಎಂದರು. "ರಾತ್ರಿ ಅವ್ರ್ ಮಲ್ಗಿದ್ ಮೇಲೆ ಕೆರ್ದ್ ಸರಿ ಮಾಡ್ವ ಅಂದೇಳಿ ಕರಣೆ ತಕಂಡೆ. ಮನಸ್ಸ್ ಬರ್ಲಿಲ್ಲ. ಕಣಜ ಅಡ್ಡ ಇಟ್ಟೆ."

ಹೊರಗೆ ಮಂಜು ಕರಗಿ ಬಿಸಿಲು ಬಂದ ಮೇಲೆ ನಾವಿಬ್ಬರೂ ಸುಣ್ಣ ಕಲಸಿದೆವು. ಮೂರು ಗೋಡೆ ನಾನು ಹೊಡೆದೆ. ಆ ಗೋಡೆಯನ್ನು ಮಾತ್ರ ಅಕ್ಕ ತಾವೇ ಹೊಡೆದರು, ಉಬ್ಬಿನ ಮೇಲೆ ಒಮ್ಮೆ, ಹಳ್ಳದೊಳಗೆ ಒಮ್ಮೆ, ಮೆಲ್ಲನೆ.